ಚಂದ್ರನ ಮೇಲೊಂದು ಸಂಕಷ್ಟಿ

ಸಂಜೆ ಆರೂವರೆಗೆ ಚಂದ್ರಪೇಟೆಯ ಆಕಾಶದಲ್ಲಿ ಸೂರ್ಯ ಮುಳುಗಿದ. ಮುಳುಗಿದ ಎಂದರೆ, ಡಾಕ್ಟರ್ ಪುರಂದರ ಕುಡ್ವರು ಗುಂಡಿ ಒತ್ತಿ ಮುಳುಗಿಸಿದರು. ಮೊದಲು ಛಾವಣಿಯ ಪಡುವಣ ಮೂಲೆ ಕುಂಕುಮದ ಬಣ್ಣಕ್ಕೆ ತಿರುಗಿತು. ಬಳಿಕ ಮಸುಕಾಯಿತು, ಆಮೇಲೆ ಒಂದೊಂದೇ ಚುಕ್ಕಿ ಮೂಡತೊಡಗಿತು. ಇದು ದಿನವೂ ನಡೆಯುವ ಕೆಲಸವಾದ್ದರಿಂದ ಯಾರೂ ತಲೆಯೆತ್ತಿ ನೋಡುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಈ ಸಂಜೆ ವಸತಿಯ ಜನರೆಲ್ಲ ಖಾನಾವಳಿಯ ಮುಂದೆ ಕತ್ತು ಮೇಲೆ ಮಾಡಿಕೊಂಡು ನಿಂತಿದ್ದರು. ಈ ದಿನ ಚಂದ್ರನ ಮೇಲೆ ಮೊಟ್ಟಮೊದಲ ಬಾರಿಗೆ ಚಂದ್ರೋದಯವಾಗಲಿತ್ತು.

ಕುಡ್ವರು ಇನ್ನೊಂದು ಗುಂಡಿ ಒತ್ತಿದರು. ಮೂಡಣ ಗೋಡೆಯ ಅಂಚಿನಿಂದ ಹಳದಿ ಚಂದ್ರ ಮೆಲ್ಲಗೆ ಎದ್ದುಬಂದ. ಹೋಳಿಗೆಯಷ್ಟು ದುಂಡಗಿದ್ದ. ಜನ ಚಪ್ಪಾಳೆ ತಟ್ಟಿದರು. ವಸತಿಯ ನಿರ್ದೇಶಕರಾದ ಕರ್ನಲ್ ಚೆಂಗಪ್ಪನವರು ಕುಡ್ವರ ಕೈ ಕುಲುಕಿ, "ಶಹಬ್ಬಾಸ್!" ಎಂದರು. ಆಮೇಲೆ ಇಬ್ಬರೂ ಒಟ್ಟಿಗೆ ಖಾನಾವಳಿಯ ಬಾಗಿಲ ಕಡೆ ತಿರುಗಿ ನೋಡಿದರು. ಈ ಚಂದ್ರನನ್ನು ಮಾಡಿಸಿದ್ದೇ ಬಾಗಿಲಲ್ಲಿ ನಿಂತಿದ್ದ ಒಬ್ಬಳಿಗಾಗಿ.

ಸಾವಂತ್ರೆವ್ವ ಹೊಂಬಳ ಆರತಿ ತಟ್ಟೆ ಹಿಡಿದು ನಿಂತಿದ್ದಳು. ವಸತಿಯಲ್ಲಿ ಬೆಂಕಿ ಹಚ್ಚುವಂತಿರಲಿಲ್ಲವಾದ್ದರಿಂದ ತಟ್ಟೆಯಲ್ಲಿದ್ದದ್ದು ಬ್ಯಾಟರಿ ದೀಪ. ಅವಳು ಚಂದ್ರನನ್ನು ನೋಡಿದಳು, ಕಣ್ಣು ಕಿರಿದು ಮಾಡಿಕೊಂಡು ಇನ್ನೊಮ್ಮೆ ನೋಡಿದಳು. ಕೈ ಮುಗಿಯಲಿಲ್ಲ.

"ಕುಡ್ವ ಸರ, ಇದು ಯಾವ ಚಂದ್ರರೀ?"

"ಎಂತ ಮಾರಾಯ್ರೆ, ಯಾವ ಚಂದ್ರ ಅಂದರೆ? ಇರುವುದೇ ಒಂದು. ನೀವು ಕೇಳಿದ ಸಂಕಷ್ಟಿಯದ್ದೇ."

"ಇದು ಹುಣ್ಣಿವಿ ಚಂದ್ರರೀ. ಸಂಕಷ್ಟಿ ಚಂದಪ್ಪ ಹಿಂಗ ಗುಂಡಗ ಇರಂಗಿಲ್ಲ, ಒಂದ ಮಗ್ಗಲ ಸವದಿರ್ತಾನ. ಮತ್ತ ಇಷ್ಟ ಲಗೂನೂ ಬರಂಗಿಲ್ಲ. ಹೊಟ್ಟಿ ಚುರುಚುರು ಅಂದ ಮ್ಯಾಲೆ ಬರ್ತಾನ."

ಇಷ್ಟು ಹೇಳಿ ಅವಳು ದೀಪ ಆರಿಸಿ ಒಳಗೆ ಹೋದಳು. ಚಪ್ಪಾಳೆ ತಟ್ಟಿದವರ ಕೈ ಅರ್ಧಕ್ಕೆ ನಿಂತಿತು. ಕರ್ನಲ್‌ರ ಮುಖ ಇಳಿದುಹೋಯಿತು. ಅದು ಯಾಕೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚಂದ್ರಪೇಟೆ ಎಂಬುದು ಚಂದ್ರನ ನೆಲದಡಿಯ ಒಂದು ಹಳೆಯ ಲಾವಾ ಸುರಂಗದಲ್ಲಿ ಕಟ್ಟಿದ ವಸತಿ. ಚಂದ್ರನ ಮಣ್ಣಿನಿಂದ ಆಮ್ಲಜನಕ ತೆಗೆಯುವ ಕಾರ್ಖಾನೆಯ ಜನ ಅಲ್ಲಿದ್ದರು. ಚಂದ್ರನ ಮೇಲೆ ಒಂದು ಹಗಲೆಂದರೆ ನಮ್ಮ ಲೆಕ್ಕದಲ್ಲಿ ಎರಡು ವಾರ, ಒಂದು ರಾತ್ರಿಯೂ ಅಷ್ಟೇ. ಹೀಗೆ ಹಗಲಿಗೂ ಇರುಳಿಗೂ ತಾಳಮೇಳವಿಲ್ಲದಿದ್ದರೆ ಮನುಷ್ಯನ ತಲೆ ಕೆಡುತ್ತದೆ. ಮೊದಮೊದಲು ಬಂದವರಲ್ಲಿ ಒಬ್ಬ ಊಟವಾದ ಮೇಲೆ ಹಲ್ಲುಜ್ಜುತ್ತಿದ್ದ, ಇನ್ನೊಬ್ಬ ಹಲ್ಲುಜ್ಜುತ್ತಲೇ ಮಲಗಿಬಿಡುತ್ತಿದ್ದ. ಇದಕ್ಕೆ ಪರಿಹಾರವಾಗಿ ಕುಡ್ವರು 'ಆಕಾಶಛಾವಣಿ'ಯನ್ನು ಕಂಡುಹಿಡಿದರು. ಸುರಂಗದ ಮೇಲ್ಭಾಗಕ್ಕೆಲ್ಲ ಬೆಳಕು ಸೂಸುವ ತೆಳು ಹಾಳೆ ಹೊದಿಸಿ, ಅದರ ಮೇಲೆ ಭೂಮಿಯ ಹಗಲು, ಸಂಜೆ, ಮೋಡ, ನಕ್ಷತ್ರಗಳನ್ನು ಹೊತ್ತಿಗೆ ಸರಿಯಾಗಿ ಮೂಡಿಸುವ ಯಂತ್ರ ಅದು. ಜನರಿಗೆ ನಿದ್ದೆ ಬಂತು, ಬುದ್ಧಿಯೂ ಮರಳಿತು. ಚಂದ್ರನನ್ನು ಮಾತ್ರ ಕುಡ್ವರು ಅದರಲ್ಲಿ ಸೇರಿಸಿರಲಿಲ್ಲ. ಚಂದ್ರನ ಮೇಲೇ ಕುಳಿತು ಚಂದ್ರನ ಚಿತ್ರ ನೋಡುವುದೆಂದರೆ ಮದುಮಗ ಹಸೆಯ ಮೇಲೆ ಕುಳಿತು ತನ್ನ ಫೋಟೋ ನೋಡಿಕೊಂಡ ಹಾಗಾಗುತ್ತದೆ ಎಂಬುದು ಅವರ ವಾದ.

ನಿದ್ದೆಯ ಸಮಸ್ಯೆ ಹೋದ ಮೇಲೆ ಊಟದ್ದು ಬಂತು. ಕೊಳವೆಯಿಂದ ಹಿಂಡಿಕೊಂಡು ತಿನ್ನುವ ಲೇಹ್ಯದಂಥ ಆಹಾರ ತಿಂದು ತಿಂದು ಬೇಸತ್ತ ಕೆಲಸಗಾರರು ಒಂದು ದಿನ ಕೊಳವೆಗಳನ್ನೆಲ್ಲ ಕರ್ನಲ್‌ರ ಮೇಜಿನ ಮೇಲೆ ರಾಶಿ ಹಾಕಿದರು. ಅಡುಗೆ ಬಲ್ಲವರು ಬೇಕಾಗಿದ್ದಾರೆ ಎಂದು ಭೂಮಿಯಲ್ಲಿ ಜಾಹೀರಾತು ಬಂತು. ಗದಗಿನಲ್ಲಿ ಖಾನಾವಳಿ ನಡೆಸುತ್ತಿದ್ದ ಸಾವಂತ್ರೆವ್ವ ಅರ್ಜಿ ಹಾಕಿದ್ದು ಆಗಲೇ. ಅದೂ ಸಿಟ್ಟಿನ ಭರದಲ್ಲಿ.

ಸಿಟ್ಟು ಸೊಸೆ ಸ್ಮಿತಾಳ ಮೇಲೆ. ಹಿಂದಿನ ವರ್ಷದ ಶ್ರಾವಣದ ಸಂಕಷ್ಟಿಯ ದಿನ ಗದಗಿನ ಮೇಲೆ ಕಪ್ಪುಮೋಡ ಕವಿದಿತ್ತು. ಅತ್ತೆ ಮಾಳಿಗೆಯ ಮೇಲೆ ನಿಂತು ಆಕಾಶ ನೋಡುತ್ತಿದ್ದರೆ, ಸೊಸೆ ಕೆಳಗೆ ಪಂಚಾಂಗ ನೋಡಿ, "ಚಂದ್ರೋದಯ ಆಗೇತ್ರಿ ಅತ್ತಿ, ಮೋಡದ ಹಿಂದ ಅದಾನ" ಎಂದು ಎಲೆ ಹಾಕಿಕೊಂಡು ಉಂಡುಬಿಟ್ಟಳು. ಪುರೋಹಿತರನ್ನು ಕೇಳಿದ್ದರೆ ಅವರೂ ಉಣ್ಣಬಹುದು ಎಂದೇ ಹೇಳುತ್ತಿದ್ದರು. ಆದರೆ ಸಾವಂತ್ರೆವ್ವ ಮದುವೆಯಾಗಿ ಬಂದಾಗಿನಿಂದ ಚಂದ್ರನನ್ನು ಕಣ್ಣಾರೆ ಕಾಣದೆ ತುತ್ತು ಎತ್ತಿದವಳಲ್ಲ. ಮಾತಿಗೆ ಮಾತು ಬೆಳೆಯಿತು. "ಕಾಣದ ಚಂದ್ರಗ ಎಷ್ಟೊತ್ತು ಕಾಯ್ತೀರಿ?" ಎಂದು ಸೊಸೆ ಕೇಳಿದಳು. "ಅಂವ ಬರದಿದ್ರ ನಾನ ಅಲ್ಲಿಗೆ ಹೋಗಿ ನೋಡ್ತೀನಿ!" ಎಂದು ಅತ್ತೆ ಗುಡುಗಿದಳು. ಮಗ ಈರಣ್ಣ ಎರಡೂ ಕಡೆ ತಲೆಯಾಡಿಸಿ ಊಟ ಮುಗಿಸಿದ. ಎರಡು ದಿನದ ಮೇಲೆ ಪೇಪರಿನಲ್ಲಿ ಜಾಹೀರಾತು ಬಂತು. ಆಡಿದ ಮಾತಿಗೆ ತಪ್ಪುವ ಪೈಕಿ ಅಲ್ಲ ಸಾವಂತ್ರೆವ್ವ.

ಹೀಗೆ ಚಂದ್ರನನ್ನು ನೋಡಲೆಂದು ಹೊರಟವಳು ಚಂದ್ರನ ಮೇಲೆ ಬಂದಿಳಿದಳು. ಬಂದ ಮೇಲೆ ಗೊತ್ತಾದದ್ದೇನೆಂದರೆ, ಇಡೀ ಬ್ರಹ್ಮಾಂಡದಲ್ಲಿ ಚಂದ್ರ ಎಂದೂ ಹುಟ್ಟದ ಜಾಗ ಇದೊಂದೇ. ಇಲ್ಲಿಗೆ ಬಂದ ಮೊದಲ ಸಂಕಷ್ಟಿಯಂದು ಅವಳು ಕಾದಳು. ಮರುದಿನವೂ ಕಾದಳು. ನೀರು, ಚಹಾ ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತಲೇ ತಲೆ ತಿರುಗಿ ಬಿದ್ದಳು. ಚಂದ್ರನ ಮೇಲೆ ಬೀಳುವುದೂ ನಿಧಾನವಾದ್ದರಿಂದ, ಸರದಿಯಲ್ಲಿ ನಿಂತಿದ್ದವರು ತಟ್ಟೆಗಳನ್ನು ಕೆಳಗಿಟ್ಟು ಬಂದು ಹಿಡಿದುಕೊಳ್ಳುವಷ್ಟು ಹೊತ್ತು ಸಿಕ್ಕಿತು. ವಸತಿಯ ವೈದ್ಯರು ಕಟ್ಟುನಿಟ್ಟಾಗಿ ಹೇಳಿಬಿಟ್ಟರು: ಇನ್ನೊಮ್ಮೆ ಹೀಗೆ ಉಪವಾಸ ಬಿದ್ದರೆ ಮುಂದಿನ ನೌಕೆಯಲ್ಲಿ ಭೂಮಿಗೆ ವಾಪಸ್.

ಅವಳಿಗೆ ಇದು ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ವ್ರತ ಬಿಡುವಂತಿಲ್ಲ, ವ್ರತ ಹಿಡಿದರೆ ಊರಿಗೆ ಹೋಗಬೇಕು. ಊರಿಗೆ ಹೋದರೆ ಸೊಸೆಯ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಹೊರಟ ದಿನದಿಂದ ಅತ್ತೆ ಸೊಸೆ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ. ಫೋನಿನಲ್ಲಿ ಏನಿದ್ದರೂ ಈರಣ್ಣನ ಜೊತೆ ಮಾತ್ರ. ಕರ್ನಲ್‌ರಿಗೆ ಇದೆಲ್ಲ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಎಣ್ಣೆಗಾಯಿ ಪಲ್ಲೆಯ ರುಚಿ ಒಂದೇ. ಮತ್ತೆ ಕೊಳವೆ ಹಿಂಡುವ ದಿನ ನೆನೆದು ಅವರು ಕುಡ್ವರನ್ನು ಕರೆಸಿ, "ಡಾಕ್ಟರೇ, ಏನಾದರೂ ಮಾಡಿ, ಆಕೆಗೊಂದು ಚಂದ್ರನನ್ನು ಮಾಡಿಕೊಡಿ" ಎಂದರು. ಅದೇ ಈ ಹುಣ್ಣಿಮೆ.

ಕುಡ್ವರು ಸಾವಂತ್ರೆವ್ವನ ಹಿಂದೆಯೇ ಅಡುಗೆಮನೆಗೆ ಬಂದರು.

"ಹೇಗೂ ತೋರಿಸುವುದು ನಾವೇ. ಅರ್ಧಂಬರ್ಧ ಯಾಕೆ, ಇಡೀ ಚಂದ್ರನನ್ನೇ ತೋರಿಸುವ ಅಂತ ಮಾಡಿದೆ ಮಾರಾಯ್ರೆ. ಅದಲ್ಲದೆ ಇದು ಚಿತ್ರ. ಚಿತ್ರ ನೋಡಿ ಉಪವಾಸ ಬಿಡುವವರಿಗೆ ದುಂಡಗಿದ್ದರೆ ಎಂತ, ಸವೆದಿದ್ದರೆ ಎಂತ?"

"ಚಿತ್ರ ಅಂತ ನನಗೂ ಗೊತ್ತೈತಿ ಸರ. ಗಣಪ್ಪನ್ನೂ ಮಣ್ಣಿಲೆ ಮಾಡ್ತೀವಿ. ಮಣ್ಣಂತ ಯಾರರ ಕೈ ಮುಗಿಯೂದು ಬಿಡ್ತಾರೇನು? ಆದರ ಗಣಪ್ಪಗ ಕುದುರಿ ಮಾರಿ ಇಟ್ಟರ ನಡೀತೈತೇನ್ರಿ?"

ಕುಡ್ವರು ಸೋಲೊಪ್ಪಿಕೊಂಡರು. ಸೋತದ್ದಕ್ಕೆ ಅವರಿಗೆ ಒಳಗೊಳಗೇ ಸಂತೋಷವೂ ಆಯಿತು. ಚಂದ್ರನಿಗೆ ಬಂದ ಮೇಲೆ ಚಂದ್ರನ ಬಗ್ಗೆ ಇಷ್ಟು ಖಂಡಿತವಾಗಿ ಮಾತಾಡಿದವರು ಇವಳೊಬ್ಬಳೇ.

"ಆಯ್ತು, ಸರಿ ಮಾಡಿ ಕೊಡುವ. ಆದರೆ ಚಂದ್ರ ಯಾಕೆ ಸವೆಯುತ್ತಾನೆ ಅಂತ ನಿಮಗೆ ಗೊತ್ತುಂಟಾ?"

"ಭೂಮಿ ನೆರಳು ಬೀಳ್ತೈತಂತ. ನಮ್ಮ ಸಾಲಿ ಮಾಸ್ತರು ಹೇಳಿದ್ರು."

"ಅದು ಗ್ರಹಣ. ಹೆಚ್ಚಿನವರು ಹೀಗೇ ತಿಳಿದುಕೊಂಡಿದ್ದಾರೆ. ಒಂದು ಉಂಡೆ ಹಿಟ್ಟು ಕೊಡಿ."

ಸಾವಂತ್ರೆವ್ವ ನಾದಿಟ್ಟ ಜೋಳದ ಹಿಟ್ಟಿನಿಂದ ನಿಂಬೆಗಾತ್ರದ ಉಂಡೆ ಮಾಡಿ ಕೊಟ್ಟಳು. ಕುಡ್ವರು ಅಡುಗೆಮನೆಯ ಬೇರೆಲ್ಲ ದೀಪ ಆರಿಸಿ, ಒಲೆಯ ಮೇಲಿನ ದೀಪವೊಂದನ್ನೇ ಉಳಿಸಿದರು.

"ಆ ದೀಪ ಸೂರ್ಯ. ಉಂಡೆ ಚಂದ್ರ. ನಿಮ್ಮ ತಲೆ ಭೂಮಿ. ಉಂಡೆಯನ್ನು ಕೈ ಚಾಚಿ ಹಿಡಿದು, ತಲೆಗಿಂತ ಸ್ವಲ್ಪ ಮೇಲೆ ಇಟ್ಟುಕೊಳ್ಳಿ. ಈಗ ದೀಪದ ಕಡೆ ಮುಖ ಮಾಡಿ. ಉಂಡೆ ಹೇಗೆ ಕಾಣುತ್ತದೆ?"

"ಕರ್ರಗ. ಬೆಳಕೆಲ್ಲಾ ಆಕಡೆ ಮಗ್ಗಲಕ್ಕ ಬಿದ್ದೈತಿ."

"ಅದೇ ಅಮಾವಾಸ್ಯೆ. ಈಗ ನಿಂತಲ್ಲೇ ಎಡಕ್ಕೆ ಮೆಲ್ಲ ತಿರುಗಿ."

ಅವಳು ತಿರುಗಿದಳು. ಉಂಡೆಯ ಅಂಚಿನಲ್ಲಿ ಉಗುರಿನಷ್ಟು ಬೆಳಕು ಬಂತು. "ಇದು ಬಿದಿಗಿ!" ಎಂದಳು. ಇನ್ನೂ ತಿರುಗಿದಾಗ ಅರ್ಧ ಬೆಳಗಿತು. ಬೆನ್ನು ಪೂರ್ತಿ ದೀಪದ ಕಡೆಗಾದಾಗ ಉಂಡೆ ಇಡಿಯಾಗಿ ಹೊಳೆಯಿತು. "ಹುಣ್ಣಿವಿ!" ಅಲ್ಲಿಂದ ಇನ್ನೊಂದು ಚೂರು ತಿರುಗಿದಾಗ ಒಂದು ಮಗ್ಗಲು ಕಪ್ಪಾಗತೊಡಗಿತು. ಸಾವಂತ್ರೆವ್ವ ಅಲ್ಲಿಯೇ ನಿಂತುಬಿಟ್ಟಳು. ಅವಳ ಕೈ ತಾನಾಗಿ ಕೆನ್ನೆಗೆ ಹೋಯಿತು.

"ಸಂಕಷ್ಟಿ ಚಂದ್ರ! ಇವನ ನೋಡ್ರಿ ಅಂವ!"

"ನೋಡಿದಿರಲ್ಲ? ಉಂಡೆಯ ಅರ್ಧ ಭಾಗಕ್ಕೆ ಯಾವಾಗಲೂ ಬೆಳಕು ಉಂಟು. ಅದು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಆ ಬೆಳಗಿದ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತದೆ ಅನ್ನುವುದು ಮಾತ್ರ ದಿನದಿನ ಬೇರೆ. ಚಂದ್ರ ತನ್ನ ದಾರಿಯಲ್ಲಿ ದಿನವೂ ಸ್ವಲ್ಪ ಮುಂದೆ ಹೋಗಿರುತ್ತಾನೆ. ಅವನನ್ನು ಕಾಣಬೇಕಾದರೆ ಭೂಮಿ ಇನ್ನೂ ಅಷ್ಟು ತಿರುಗಬೇಕು. ಅದಕ್ಕೇ ದಿನಾ ಮುಕ್ಕಾಲು ಗಂಟೆಯಷ್ಟು ತಡವಾಗಿ ಹುಟ್ಟುತ್ತಾನೆ."

ಸಾವಂತ್ರೆವ್ವ ಉಂಡೆಯನ್ನೇ ನೋಡುತ್ತ, "ಅಂದ್ರ ಚಂದಪ್ಪ ಬಡವ ಆಗೂದೂ ಇಲ್ಲ, ಸಾವ್ಕಾರ ಆಗೂದೂ ಇಲ್ಲ. ಅಂವ ಇದ್ದಂಗ ಅದಾನ. ನಾವು ಯಾವ ಕಡೆ ನಿಂತು ನೋಡ್ತೀವಿ, ಅದರ ಮ್ಯಾಲೆ ಹೋಕ್ಕೈತಿ" ಎಂದಳು. ಆಮೇಲೆ ಏನೋ ಹೊಳೆದು, ಡಬ್ಬಿಯಿಂದ ಒಂದು ಎಳ್ಳು ತೆಗೆದು ಉಂಡೆಗೆ ಅಂಟಿಸಿದಳು. "ಇದು ನಾನು. ಈಗ ಇಲ್ಲಿಂದ ಭೂಮಿ ಹೆಂಗ ಕಾಣತೈತ್ರಿ?"

"ಭೂಮಿಯೂ ಬೆಳೆಯುತ್ತದೆ, ಕರಗುತ್ತದೆ. ಆದರೆ ತಿರುಗಾ ಮುರುಗಾ. ಅವರಿಗೆ ಹುಣ್ಣಿಮೆಯಾದರೆ ನಮಗೆ ಇಲ್ಲಿಂದ ಭೂಮಿಯ ಅಮಾವಾಸ್ಯೆ. ಭೂಮಿ ಮಾತ್ರ ಇಲ್ಲಿ ಹುಟ್ಟುವುದಿಲ್ಲ, ಮುಳುಗುವುದಿಲ್ಲ. ಮೊಳೆ ಹೊಡೆದ ಹಾಗೆ ಒಂದೇ ಜಾಗದಲ್ಲಿ ನಿಂತಿರುತ್ತದೆ, ತನ್ನಷ್ಟಕ್ಕೆ ತಿರುಗಿಕೊಂಡು."

ರಾತ್ರಿಯೇರುವಷ್ಟರಲ್ಲಿ ಕುಡ್ವರು ಯಂತ್ರಕ್ಕೆ ಹೊಸ ಲೆಕ್ಕ ತುಂಬಿದರು. ಗದಗಿನಲ್ಲಿ ಚಂದ್ರ ಹುಟ್ಟುವ ಹೊತ್ತಿಗೆ ಸರಿಯಾಗಿ ಛಾವಣಿಯ ಅಂಚಿನಲ್ಲಿ ಒಂದು ಮಗ್ಗಲು ಸವೆದ ಚಂದ್ರ ಎದ್ದ. ಸಾವಂತ್ರೆವ್ವ ದೀಪ ಬೆಳಗಿ ಅರ್ಘ್ಯ ಬಿಟ್ಟಳು. ನೀರು ಅವಸರವಿಲ್ಲದೆ ಕೆಳಗಿಳಿಯಿತು. ಆ ದಿನ ಅವಳ ಜೊತೆ ಇಡೀ ಚಂದ್ರಪೇಟೆ ಕಡುಬು ತಿಂದಿತು. ಕರ್ನಲ್‌ರಂತೂ ಎರಡನೆಯ ಪಂಕ್ತಿಯಲ್ಲೂ ಕಾಣಿಸಿಕೊಂಡರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಚಂದ್ರನನ್ನು ತಂದವರು ಅವನ ಬೆನ್ನಿಗೆ ಪಂಚಾಂಗವೂ ಬರುತ್ತದೆ ಎಂಬುದನ್ನು ಮರೆತಿದ್ದರು. ಅಲ್ಲಿಯವರೆಗೆ ಯಾವ ದಿನವೂ ಒಂದೇ ಎನ್ನುತ್ತಿದ್ದ ಜನಕ್ಕೆ ಈಗ ತಿಥಿ ನೆನಪಾಯಿತು. ಅಮಾವಾಸ್ಯೆಯಂದು ಹೊಸ ಗಣಿ ತೆರೆಯುವುದು ಬೇಡ ಎಂದು ಕೆಲಸಗಾರರು ಕೂತರು. ಒಬ್ಬ ಇಂಜಿನಿಯರು ಮದುವೆಯ ವಾರ್ಷಿಕೋತ್ಸವಕ್ಕೆ ಹುಣ್ಣಿಮೆಯನ್ನು ಎರಡು ದಿನ ಮುಂದಕ್ಕೆ ಹಾಕಿಕೊಡಿ ಎಂದು ಕುಡ್ವರ ಬೆನ್ನು ಹತ್ತಿದ. "ನಾನು ವಿಜ್ಞಾನಿ ಮಾರಾಯ್ರೆ, ಜೋಯಿಸ ಅಲ್ಲ" ಎಂದು ಕುಡ್ವರು ಕೈ ಮುಗಿದರು.

ಭಾದ್ರಪದ ಬಂತು. ಗಣೇಶನ ಚೌತಿಯ ಚಂದ್ರನನ್ನು ನೋಡಿದರೆ ಮಾಡದ ತಪ್ಪಿಗೆ ಅಪವಾದ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು. ಆ ದಿನ ಚಂದ್ರನನ್ನು ಆರಿಸಿಬಿಡಿ ಎಂದು ಊರಿಗೆ ಊರೇ ಕೇಳಿಕೊಂಡಿತು. ಕುಡ್ವರು ಆರಿಸಿದರು. ಖಾನಾವಳಿಗೆ ಊಟಕ್ಕೆ ಬಂದವರು ಸುಮ್ಮನೆ ಉಂಡು ಹೋಗಿದ್ದರೆ ಆಗುತ್ತಿತ್ತು. ಆದರೆ ಕಡುಬಿನ ಉತ್ಸಾಹದಲ್ಲಿ ಕುಡ್ವರ ಬಾಯಿ ತಪ್ಪಿ ಒಂದು ಮಾತು ಬಂತು:

"ಮೇಲಿನ ಚಂದ್ರನನ್ನು ಆರಿಸಿಯಾಯ್ತು. ಕೆಳಗಿನವನನ್ನು ಎಂತ ಮಾಡುವುದು?"

ಎಲ್ಲರೂ ನೆಲ ನೋಡಿದರು. ನೋಡಿದ ಮರುಕ್ಷಣ ಬೆಚ್ಚಿ ತಲೆಯೆತ್ತಿದರು. ನೆಲಕ್ಕೆ ಹಾಸಿದ್ದು ಅಪ್ಪಟ ಚಂದ್ರನ ಕಲ್ಲು! ಅಲ್ಲಿಂದ ಮುಂದೆ ಆ ಸಂಜೆಯೆಲ್ಲ ಚಂದ್ರಪೇಟೆಯ ಜನ ಗದ್ದ ಮೇಲೆತ್ತಿಕೊಂಡು ಓಡಾಡಿದರು. ಒಬ್ಬ ಪಾಯಸದ ಕೊಳಗದಲ್ಲಿ ಕಾಲಿಟ್ಟ. ಇದನ್ನೆಲ್ಲ ಮೂಢನಂಬಿಕೆ ಎಂದು ಗದರಿದ ಕರ್ನಲ್ ಚೆಂಗಪ್ಪನವರು ತಾವೂ ಗದ್ದ ಮೇಲೆ ಮಾಡಿಕೊಂಡೇ ಹೊರಟು, ಆಕಾಶಛಾವಣಿಯ ಯಂತ್ರದ ಕಪಾಟಿಗೆ ನೇರ ಹೋಗಿ ಡಿಕ್ಕಿ ಹೊಡೆದರು. ಚಂದ್ರನ ಮೇಲೆ ತೂಕ ಆರರಲ್ಲಿ ಒಂದು ಪಾಲಾದರೂ ಡಿಕ್ಕಿಯ ಪೆಟ್ಟು ಏನೂ ಕಡಿಮೆಯಾಗುವುದಿಲ್ಲ. ಕರ್ನಲ್‌ರ ಹಣೆ ಬಾತಿತು. ಕಪಾಟಿನೊಳಗೆ ಏನೋ ಚಟ್ಟೆಂದಿತು. ಅದೇ ಹೊತ್ತಿಗೆ ಖಾನಾವಳಿಯಲ್ಲಿ ಒಂದು ತಟ್ಟೆ ಕಡುಬು ಕಾಣೆಯಾಗಿ, ಊರೆಲ್ಲ ಕರ್ನಲ್‌ರ ಮೇಲೇ ಸಂಶಯಪಟ್ಟಿತು. ಪಾಪ, ಆ ದಿನ ಅವರು ತಿಂದಿರಲಿಲ್ಲ.

ಮರುದಿನ ಗೊತ್ತಾಯಿತು, ಚಂದ್ರ ಕೆಟ್ಟಿದ್ದಾನೆಂದು. ಸೂರ್ಯ ನಕ್ಷತ್ರಗಳಿಗೆ ಏನೂ ಆಗಿರಲಿಲ್ಲ. ಯಂತ್ರದಲ್ಲಿ ಚಂದ್ರನನ್ನು ಮೂಡಿಸುವ ಬಿಲ್ಲೆ ಮಾತ್ರ ಒಡೆದಿತ್ತು. ಹೊಸ ಬಿಲ್ಲೆ ಭೂಮಿಯಿಂದ ಬರಬೇಕು. ಅದನ್ನು ತರುವ ನೌಕೆ ಬರುವುದು ಮುಂದಿನ ಸಂಕಷ್ಟಿಯ ಮರುದಿನ.

ಸಂಕಷ್ಟಿ ಬಂತು. ಸಾವಂತ್ರೆವ್ವ ಬೆಳಗಿನಿಂದ ಉಪವಾಸ. ಎಲ್ಲರಿಗೂ ಬಡಿಸಿದಳು, ತಾನು ಚಹಾ ಕುಡಿದಳು. ಸಂಜೆಯಾಯಿತು. ಛಾವಣಿಯ ತುಂಬ ನಕ್ಷತ್ರಗಳು ಮಿನುಗಿದವು. ಮೂಡಣ ಅಂಚು ಬರಿದಾಗಿಯೇ ಇತ್ತು. ಕುಡ್ವರು ತಪ್ಪಿತಸ್ಥರ ಹಾಗೆ ಬಂದು, ಗೋಡೆಯ ಮೇಲೆ ಟಾರ್ಚಿನ ಬೆಳಕಿನಲ್ಲಿ ಸವೆದ ಚಂದ್ರನ ಆಕಾರ ಬೀಳಿಸಿ ತೋರಿಸಿದರು.

"ಕುದುರಿ ಮಾರಿ" ಎಂದಳು ಸಾವಂತ್ರೆವ್ವ. ಅವಳ ದನಿಯಲ್ಲಿ ಶಕ್ತಿಯಿರಲಿಲ್ಲ.

ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಕರ್ನಲ್ ಅವಳ ಮುಂದೆ ಬಂದು ಕೂತರು. "ನೋಡಮ್ಮ, ನಾಳೆ ನೌಕೆ ಬರ್ತದೆ. ನೀವು ಈಗ ಉಣ್ಣದೆ ಇದ್ದರೆ ವೈದ್ಯರು ನಿಮ್ಮನ್ನು ಅದರಲ್ಲೇ ಹತ್ತಿಸಿಬಿಡ್ತಾರೆ. ನನ್ನ ಕೈಲಿ ತಡೆಯೋಕಾಗಲ್ಲ. ಒಂದೇ ಒಂದು ತುತ್ತು ತಿನ್ನಿ."

"ನನಗೇನು ಹಸಿವಿಲ್ಲಂತ ಮಾಡೀರೇನ್ರಿ ಸಾಹೇಬ್ರ? ಆದರ ಕಾಣದ ಉಂಡರ, ಆ ಹುಡುಗಿ ಅಂದಿದ್ದ ಖರೆ ಅಂತ ಒಪ್ಪಿಕೊಂಡಂಗ ಆಕ್ಕೈತಿ." ಹಸಿವಿಗೋ ಸಂಕಟಕ್ಕೋ ಅವಳ ಕಣ್ಣಲ್ಲಿ ನೀರು ತುಂಬಿತ್ತು. ವ್ರತಕ್ಕೆ ನಿಂತದ್ದೋ ಹಟಕ್ಕೆ ನಿಂತದ್ದೋ ಈಗ ಅವಳಿಗೇ ಸರಿಯಾಗಿ ಗೊತ್ತಾಗುತ್ತಿರಲಿಲ್ಲ.

ಆಗ ಅವಳಿಗೆ ಹಿಟ್ಟಿನ ಉಂಡೆಯೂ ಅದಕ್ಕೆ ಅಂಟಿಸಿದ ಎಳ್ಳೂ ನೆನಪಾದವು.

"ಕುಡ್ವ ಸರ, ಭೂಮಿ ಇಲ್ಲಿ ಯಾವಾಗಲೂ ಕಾಣತೈತಿ ಅಂದಿದ್ರಲ್ಲ. ತೋರಸ್ರಿ."

ಸುರಂಗದ ನೆತ್ತಿಯಲ್ಲಿ, ಚಂದ್ರನ ನೆಲದ ಮಟ್ಟಕ್ಕೆ, ದಪ್ಪ ಗಾಜಿನ ಕಿಟಕಿಯಿದ್ದ ಒಂದು ಕೋಣೆಯಿತ್ತು. ಕುಡ್ವರು ಅವಳನ್ನು ಲಿಫ್ಟಿನಲ್ಲಿ ಅಲ್ಲಿಗೆ ಕರೆದೊಯ್ದರು. ಹೊರಗೆ ಕಪ್ಪು ಆಕಾಶದಲ್ಲಿ ಭೂಮಿ ತೂಗುತ್ತಿತ್ತು. ನಮ್ಮೂರಿಂದ ಕಾಣುವ ಚಂದ್ರನಿಗಿಂತ ನಾಲ್ಕು ಪಟ್ಟು ಅಗಲ. ಒಂದು ಅಂಚಿನಲ್ಲಿ ಮಾತ್ರ ತೆಳ್ಳಗೆ ಬಾಗಿದ ನೀಲಿ ಬೆಳಕು; ಉಳಿದದ್ದೆಲ್ಲ ಕತ್ತಲು.

"ಬಿದಿಗಿ ಭೂಮಿ" ಎಂದಳು ಸಾವಂತ್ರೆವ್ವ, ಮೆಲ್ಲಗೆ. ಎಷ್ಟೋ ತಿಂಗಳಿನಿಂದ ತಲೆಯ ಮೇಲೆ ಹೀಗೆ ಊರು ತೂಗುತ್ತಿದ್ದರೂ ಅವಳು ಒಮ್ಮೆಯೂ ಬಂದು ನೋಡಿರಲಿಲ್ಲ. "ನಮ್ಮ ಗದಗ ಎಲ್ಲೈತ್ರಿ?"

ಕುಡ್ವರು ದೂರದರ್ಶಕವನ್ನು ಭೂಮಿಯ ಕತ್ತಲೆಯ ಅಂಚಿಗೆ ತಿರುಗಿಸಿ ಗಡಿಯಾರ ನೋಡಿದರು. ಅವರ ಮುಖದಲ್ಲಿ ಒಂದು ಬೆರಗು ಮೂಡಿತು. ಲೆಕ್ಕ ಗೊತ್ತಿದ್ದವರಿಗೂ ಕೆಲವೊಮ್ಮೆ ಅದರ ಅರ್ಥ ತಡವಾಗಿ ಹೊಳೆಯುತ್ತದೆ.

"ಒಂದು ಸೋಜಿಗ ನೋಡಿ. ಗದಗಿನವರಿಗೆ ಚಂದ್ರ ಕಾಣಲು ಶುರುವಾಗುವುದು ಯಾವಾಗ? ಗದಗು ತಿರುಗಿ ಚಂದ್ರನ ಎದುರು ಬಂದಾಗ. ಎದುರು ಬಂದರೆ ನಮಗೆ ಅದು ಭೂಮಿಯ ಅಂಚಿನಲ್ಲಿ ಕಾಣಬೇಕಲ್ಲ? ಅವರಿಗೆ ಚಂದ್ರೋದಯ ಆಗುವ ಹೊತ್ತೂ, ನಮಗೆ ಅವರ ಊರು ಮೂಡುವ ಹೊತ್ತೂ ಒಂದೇ ಮಾರಾಯ್ರೆ! ಈಗ ಬರುವ ಹೊತ್ತಾಯ್ತು. ಅಗೋ, ಬೆಂಗಳೂರಿನ ದೀಪ ಬಂತು."

ಸಾವಂತ್ರೆವ್ವ ದೂರದರ್ಶಕಕ್ಕೆ ಕಣ್ಣು ಹಚ್ಚಿದಳು. ಕತ್ತಲೆಯ ಅಂಚಿನಿಂದ ದೀಪಗಳ ಪುಡಿ ಒಂದೊಂದಾಗಿ ಈಚೆ ಬರುತ್ತಿತ್ತು. ಅವಳು ತುದಿಗಾಲಲ್ಲಿ ನಿಂತಳು. ಮಾಳಿಗೆಯ ಮೇಲೆ ನಿಂತು ಚಂದ್ರನಿಗೆ ಕಾಯುವಾಗಲೂ ಹೀಗೆಯೇ ಮಾಡುತ್ತಿದ್ದಳು. ಆದರೆ ಗದಗು ಇರಬೇಕಾದ ಕಡೆ ಬರೀ ಕಪ್ಪು. ಆಗೊಮ್ಮೆ ಈಗೊಮ್ಮೆ ಮಿಂಚಿನ ಸೊಡರು ಹತ್ತಿ ಆರುತ್ತಿತ್ತು.

"ಏನೂ ಕಾಣವಲ್ದು ಸರ."

"ಮೋಡ ಇರಬೇಕು. ಇರಿ, ಕೇಳಿಯೇ ಬಿಡುವ" ಎಂದು ಕುಡ್ವರು ಈರಣ್ಣನಿಗೆ ಫೋನು ಹಚ್ಚಿದರು. ಅತ್ತೆ ಸೊಸೆಯ ಸಂಗತಿ ಅವರಿಗೇನು ಗೊತ್ತು? ಫೋನು ಎತ್ತಿದ್ದು ಹೆಂಗಸಿನ ದನಿ.

"ಅವರು ಫೋನ್ ನನ್ನ ಕಡೆ ಬಿಟ್ಟು ಕೆಳಗ ಊಟಕ್ಕ ಕುಂತಾರ್ರಿ. ಯಾರು ಮಾತಾಡೂದು?"

"ಚಂದ್ರನಿಂದ ಅಮ್ಮ. ನಿಮ್ಮಲ್ಲಿ ಮೋಡ ಉಂಟಾ?" ಎಂದು ಕೇಳಿ ಕುಡ್ವರು ಫೋನನ್ನು ಸಾವಂತ್ರೆವ್ವನ ಕೈಗೆ ಕೊಟ್ಟುಬಿಟ್ಟರು.

ಭೂಮಿಗೂ ಚಂದ್ರನಿಗೂ ನಡುವೆ ಮಾತು ಹೋಗಿ ಉತ್ತರ ಬರಲು ಎರಡೂವರೆ ಸೆಕೆಂಡು ಹಿಡಿಯುತ್ತದೆ. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಸುಮ್ಮನಿರಲೇಬೇಕು. ಹೊಂಬಳರ ಮನೆಯ ಅತ್ತೆ ಸೊಸೆ ಹಾಗೆ ಮಾತಾಡಿದ್ದು ಅದೇ ಮೊದಲು.

"ಅತ್ತೀ, ನೀವೇನ್ರೀ?" ಎಂದಳು ಸ್ಮಿತಾ. "ಮೋಡ ಐತ್ರಿ. ದಟ್ಟ ಮೋಡ. ಚಂದ್ರ ಕಂಡಿಲ್ಲ. ನಾ ಮಾಳಿಗಿ ಮ್ಯಾಲೆ ಕುಂತೀನಿ."

"ಉಂಡಿಯಿಲ್ಲ?"

ಎರಡೂವರೆ ಸೆಕೆಂಡು.

"ಇಲ್ರಿ."

"ಯಾಕ? ಪಂಚಾಂಗದಾಗ ಉದಯ ಆಗಿರಬೇಕಲ್ಲ?" ಕೇಳಬಾರದೆಂದುಕೊಂಡಿದ್ದರೂ ಕೊಂಕು ಹೊರಗೆ ಬಂದೇಬಿಟ್ಟಿತು.

ಈ ಸಲ ಉತ್ತರ ಬರಲು ಇನ್ನಷ್ಟು ಹೊತ್ತಾಯಿತು. ಆ ಹೆಚ್ಚಿನ ಹೊತ್ತಿಗೆ ದೂರ ಕಾರಣವಲ್ಲ.

"ಆಗೇತ್ರಿ. ಆದರ ಹೋದ ವರ್ಷ ಮೋಡದಾಗ ಉಂಡಿದ್ದಕ್ಕ ನೀವು ಚಂದ್ರನ ಮ್ಯಾಲೆ ಹೋದ್ರಿ. ಈ ಸಲನೂ ಉಂಡರ ಇನ್ನೆಲ್ಲಿಗೆ ಹೋಗ್ತೀರೋ ಅಂತ ಹೆದರಿಕಿ ಬಂತು. ನೀವು ಹೋದಾಗಿಂದ ಒಂದ ಸಂಕಷ್ಟಿನೂ ಕಾಣದ ಉಂಡಿಲ್ರಿ ನಾ."

ಸಾವಂತ್ರೆವ್ವನಿಗೆ ಮೊದಲು ನಗು ಬಂತು. ನಗುತ್ತ ನಗುತ್ತಲೇ ಅಳುವೂ ಬಂತು. ಚಂದ್ರನ ಮೇಲೆ ಕಣ್ಣೀರು ಕೂಡ ಬೇಗ ಇಳಿಯುವುದಿಲ್ಲ, ಕೆನ್ನೆಯ ಮೇಲೇ ನಿಂತಿರುತ್ತದೆ. ಅವಳು ಸೆರಗಿನಿಂದ ಒರೆಸಿಕೊಂಡಳು. ಕುಡ್ವರು ಕಿಟಕಿಯ ಕಡೆ ತಿರುಗಿ, ಇಲ್ಲದ ಧೂಳು ಒರೆಸತೊಡಗಿದರು.

"ಏ ಹುಚ್ಚಿ, ಕೇಳಿಲ್ಲೆ. ಚಂದಪ್ಪ ಎದ್ದಾನ. ನಾ ಅವನ ನೆತ್ತಿ ಮ್ಯಾಲೆ ನಿಂತು ಹೇಳಾಕತ್ತೀನಿ. ಮೋಡ ಇದ್ರ ಇರ್ಲಿ. ಹೋಗಿ ಉಣ್ಣು."

"ನೀವು ಉಂಡೀರೇನ್ರಿ?"

"ನಮ್ಮ ಊರು ಕಂಡ ಮ್ಯಾಲೆ ಉಣಬೇಕಂತ ನಿಂತಿದ್ದೆ. ಇಲ್ಲೂ ಮೋಡನ ಅಡ್ಡ."

"ನಾವು ಇಲ್ಲೇ ಅದೀವ್ರಿ ಅತ್ತಿ, ಮೋಡದ ಕೆಳಗ. ನೀವೂ ಉಣ್ಣಿರಿ. ತಡೀರಿ, ಮೊದಲ ನಮಸ್ಕಾರ ಮಾಡ್ತೀನಿ."

"ಯಾವ ಕಡೆ ಮಾಡ್ತಿ? ಏನೂ ಕಾಣಂಗಿಲ್ಲಲ್ಲ."

"ಮೂಡಣ ಕಡೆರಿ. ಚಂದ್ರನ ಕಡೆ." ಸೊಸೆ ಸೇರಿಸಿದಳು, "ನಿಮ್ಮ ಕಡೆನ."

ಸಾವಂತ್ರೆವ್ವ ಬೆಚ್ಚಿ ನೆಟ್ಟಗಾದಳು. ಮದುವೆಯ ದಿನ ಹಿರಿಯರು ತಲೆ ಬಗ್ಗಿಸಿ ಕಾಲಿಗೆ ಬೀಳಿಸಿದ್ದು ಬಿಟ್ಟರೆ, ಈ ಹುಡುಗಿ ತಾನಾಗಿ ತನಗೆ ನಮಸ್ಕಾರ ಮಾಡಿದ್ದು ಅವಳಿಗೆ ನೆನಪಿರಲಿಲ್ಲ. ಈಗ ನೋಡಿದರೆ ಸಂಕಷ್ಟಿ ಸಂಕಷ್ಟಿಗೂ ಬಾಗಿದ್ದಾಳೆ! ಕತ್ತಲೆಯ ಭೂಮಿಯ ಅಂಚಿನಲ್ಲಿ ಮತ್ತೊಮ್ಮೆ ಮಿಂಚು ಹೊಳೆಯಿತು. ಅವಳ ಬಲಗೈ ತಾನಾಗಿ ಮೇಲೆದ್ದಿತು, ಬಾಗಿದ ತಲೆಯ ಮೇಲೆ ಇಡುವ ಹಾಗೆ.

"ಮಾಡಿದೆ ನೋಡ್ರಿ. ಮುಟ್ಟಿತೇನ್ರಿ?"

"ಮುಟ್ಟಿತವಾ" ಎಂದಳು ಸಾವಂತ್ರೆವ್ವ. "ಚಂದಪ್ಪನ ಪಾಲು ಅಂವಗ ಕೊಟ್ಟು, ನನ್ನ ಪಾಲು ನಾ ಇಟಗೊಂಡೀನಿ."

ಆಚೆಯಿಂದ ನಗು ಕೇಳಿಸಿತು. ನಕ್ಕು ಮುಗಿಸಿ ಸ್ಮಿತಾ ಅಂದಳು: "ಅತ್ತಿ, ಇನ್ನ ಸಾಕು ಬರ್ರಿ. ಚಂದ್ರ ನೋಡಾಕ ಅಲ್ಲಿಗಿಂತ ಇಲ್ಲೇ ಚಲೋ."

ಸಾವಂತ್ರೆವ್ವ ಕೆಳಗಿಳಿದು ಬಂದು ಹೊಟ್ಟೆ ತುಂಬ ಉಂಡಳು. ಕರ್ನಲ್ ಚೆಂಗಪ್ಪನವರಿಗೆ ಹೋದ ಜೀವ ಬಂದಂತಾಗಿ, ವೈದ್ಯರಿಗೆ ತಾವೇ ಹೋಗಿ ಸುದ್ದಿ ಮುಟ್ಟಿಸಿದರು. ಇನ್ನು ಯಾರೂ ಅವಳನ್ನು ನೌಕೆ ಹತ್ತಿಸುವಂತಿರಲಿಲ್ಲ. ಆದರೆ ಬೆಳಗಾದಾಗ ಸಾವಂತ್ರೆವ್ವ ಟ್ರಂಕು ಹಿಡಿದು ಅವರ ಬಾಗಿಲಲ್ಲಿ ನಿಂತಿದ್ದಳು. "ಸಾಹೇಬ್ರ, ನೌಕೆದಾಗ ಒಂದು ಜಾಗ ಕೊಡ್ರಿ. ಸೊಸಿ ಕರದಾಳ."

ಹೊಸ ಬಿಲ್ಲೆ ಇಳಿಸಿದ ನೌಕೆಯೇ ಅವಳನ್ನು ಹತ್ತಿಸಿಕೊಂಡು ಹೋಯಿತು. ಚಂದ್ರಪೇಟೆಯಲ್ಲಿ ಈಗ ಯಾವ ತಿಥಿಗೆ ಬೇಕೋ ಆ ಚಂದ್ರ ತಪ್ಪದೆ ಹುಟ್ಟುತ್ತಾನೆ. ಯಾರನ್ನು ಉಳಿಸಿಕೊಳ್ಳಲೆಂದು ಅವನನ್ನು ಮಾಡಿಸಿದ್ದರೋ ಅವಳಿಲ್ಲ, ಅಷ್ಟೇ. ಕರ್ನಲ್ ಮತ್ತೆ ಕೊಳವೆ ಹಿಂಡುತ್ತಾರೆ. ಸಂಕಷ್ಟಿಯ ದಿನ ಮಾತ್ರ ಅವರೂ ಕುಡ್ವರೂ ಮೇಲಿನ ಕಿಟಕಿಗೆ ಹೋಗಿ, ಗದಗು ಮೂಡುವ ತನಕ ಕಾದು, ಆಮೇಲೆ ಉಣ್ಣುತ್ತಾರೆ.

ಅದೇ ಹೊತ್ತಿಗೆ ಗದಗಿನ ಒಂದು ಮಾಳಿಗೆಯ ಮೇಲೆ ಅತ್ತೆ ಸೊಸೆ ಜೊತೆಯಾಗಿ ನಿಂತು ಅರ್ಘ್ಯ ಬಿಡುತ್ತಾರೆ. ಕೈ ಮುಗಿದಾದ ಮೇಲೆ ಸೊಸೆ ಎಲೆ ಹಾಕಲು ಕೆಳಗಿಳಿಯುತ್ತಾಳೆ. ಸಾವಂತ್ರೆವ್ವ ಇನ್ನೊಂದು ಗಳಿಗೆ ಅಲ್ಲೇ ನಿಂತು, ಒಂದು ಮಗ್ಗಲು ಸವೆದ ಚಂದ್ರನ ಕಡೆ ತಲೆಯೆತ್ತಿ ದೊಡ್ಡ ದನಿಯಲ್ಲಿ ಕೇಳುತ್ತಾಳೆ:

"ಏನ್ರಪಾ, ಹೊಟ್ಟಿಗೆ ಏನರ ತಿಂದೀರಿಲ್ಲ?"